ಬಂಡೆಯಡಿಯ ಜಾಗ

ಎದುರಿನ ಒಂಟಿಮರಕ್ಕೆ ಸಿಡಿಲು ಬಡಿದಾಗ ನಾನೂ ಅಮ್ಮನೂ ಮಳವಳ್ಳಿ ಕಡೆಯ ಬೆಟ್ಟವನ್ನು ಅರ್ಧ ಹತ್ತಿದ್ದೆವು. ಬೆಟ್ಟಗುಡ್ಡಗಳಲ್ಲಿ ಗುಡುಗು ಸಿಡಿಲಿನ ಮಳೆಯಾಗಲಿದೆ ಎಂದು ಬೆಳಿಗ್ಗೆಯೇ ರೇಡಿಯೋ ಎಚ್ಚರಿಸಿತ್ತು. “ಅದು ಮಲೆನಾಡಿನವರಿಗೆ ಹೇಳೋದು ಕಣೋ, ಮಂಡ್ಯದವರಿಗಲ್ಲ” ಎಂದು ಅಮ್ಮ ಹರಕೆ ತೀರಿಸಲು ಹೊರಟೇಬಿಟ್ಟಿದ್ದಳು.

ದಾರಿಪಕ್ಕದ ದೊಡ್ಡ ಬಂಡೆಯಡಿ ಮೇಕೆ ಕಾಯುವ ಹೆಂಗಸೊಬ್ಬಳು ಕೂತಿದ್ದಳು. “ಒಳಕ್ ಬನ್ನಿ ಅಮ್ಮಾರೆ, ಸಿಡ್ಲು ಬಡೀತದೆ” ಎಂದು ಕರೆದಳು. ಅಮ್ಮ ಸೆರಗು ಒತ್ತಿ ಹಿಡಿದು ಅಲ್ಲೇ ನಿಂತಳು. ಬೆಟ್ಟದ ಬುಡದ ಕೊಳದಲ್ಲಿ ಮಿಂದು ಮಡಿಯುಟ್ಟಿದ್ದವಳು ಯಾರನ್ನೂ ಮುಟ್ಟುವಂತಿರಲಿಲ್ಲ. ಆ ಹೆಂಗಸಿಗೆ ಅರ್ಥವಾಯಿತು. ಮೇಕೆಗಳನ್ನು ಎಬ್ಬಿಸಿಕೊಂಡು, ನಮಗೆ ತಾಗದಂತೆ ಬಳಸಿಕೊಂಡು ಹೋಗಿ, ಸುರಿಯುವ ಮಳೆಯಲ್ಲಿ ನಿಂತಳು. ಅಮ್ಮ ಒಳಗೆ ಹೋದಳು. ನಾನೂ ಹೋದೆ. ಅಲ್ಲಿ ಇನ್ನೂ ನಾಲ್ಕು ಜನ ಕೂರುವಷ್ಟು ಜಾಗವಿತ್ತು. ಒಂದೊಂದು ಸಿಡಿಲಿಗೂ ಅವಳು ಮರಿಗಳನ್ನು ಮೈಗೆ ಒತ್ತಿಕೊಳ್ಳುತ್ತಿದ್ದುದನ್ನು ನೋಡುತ್ತ ಕೂತೆವು.

ಮಳೆ ನಿಂತಾಗ, ನೆನೆದು ತೊಪ್ಪೆಯಾಗಿದ್ದ ಅವಳು ದೂರದಿಂದಲೇ ಕೇಳಿದಳು: “ಮಡಿ ಏನೂ ಕೆಡ್ನಿಲ್ವಲ್ಲ ಅಮ್ಮಾರೆ?”

ಅಮ್ಮ ತಲೆಯೆತ್ತಲಿಲ್ಲ. ಈಗ ರೇಡಿಯೋದಲ್ಲಿ ಸಿಡಿಲಿನ ಮಾತು ಬಂದರೆ ಎದ್ದು ಹೋಗಿ ಆರಿಸಿಬಿಡುತ್ತಾಳೆ. ಯಾಕೆಂದು ನಾನು ಕೇಳುವುದಿಲ್ಲ.