ಟೊಮ್ಯಾಟೊ ಬುಡದ ಹುಲ್ಲು ಮತ್ತು ಖಾಜಾಬಿಯ ಎಮ್ಮೆ

ಮೊನ್ನೆ ಬುಧವಾರ ಸಂಜೆ ಮಸ್ಕಿಯ ನಮ್ಮ ಓಣಿಯಲ್ಲಿ ಮೂವರು ಹೆಂಗಸರು ಒಂದು ಎಮ್ಮೆಯ ಬಾಯಿಯನ್ನೇ ನೋಡುತ್ತಾ ನಿಂತಿದ್ದೆವು. ಅದು ಮೆಲುಕು ಹಾಕಿದರೆ ನಮಗೆ ಜೀವ. ನಿಲ್ಲಿಸಿದರೆ ಎದೆ ಧಸಕ್!

ಮೊದಲಿನಿಂದ ಹೇಳುತ್ತೇನೆ.

ನಮ್ಮ ಹಿತ್ತಿಲ ಟೊಮ್ಯಾಟೊ ಪುರಾಣ ನಿಮಗೆ ಗೊತ್ತೇ ಇದೆ. (ಸಾಕೆನ್ನುವಷ್ಟು ಕೊರೆದಿದ್ದೇನೆ, ಬಿಡಿ.) ಕುರಿಗೊಬ್ಬರ, ಬೇವಿನ ಹಿಂಡಿ ಬಿಟ್ಟರೆ ಬೇರೇನೂ ಹಾಕುವುದಿಲ್ಲ ಎಂಬುದು ನನ್ನ ಹಠ. ನಮ್ಮ ಬಿಸಿಲಿಗೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಉಳಿಯುವುದಿಲ್ಲ. ಅದಕ್ಕೇ ಗಿಡಗಳ ಬುಡಕ್ಕೆ ಭತ್ತದ ಹುಲ್ಲು ಹಾಸಿದ್ದೆ. ಯೂಟ್ಯೂಬಿನವರು ಇದಕ್ಕೆ ಮಲ್ಚಿಂಗ್ ಎನ್ನುತ್ತಾರೆ. ಹುಲ್ಲು ನನ್ನ ತವರು ಮುಕ್ಕುಂದದ್ದು. ಕಾಲುವೆ ನೀರಿನ ಊರು. ಮಷಿನ್ ಕೊಯ್ಲು ಮುಗಿದ ಮೇಲೆ ಗದ್ದೆಯ ಹುಲ್ಲಿಗೆ ಬೆಂಕಿ ಇಡುವವರೇ ಅಲ್ಲಿ ಹೆಚ್ಚು. ಸುಡುವ ಮೊದಲು ನಮ್ಮ ತಮ್ಮ ಒಂದಿಷ್ಟನ್ನು ಟಂಟಂ ಆಟೊದಲ್ಲಿ ಹೇರಿ ಕಳಿಸಿದ್ದ.

ನನ್ನ ಅತ್ತೆ ಪಾಮನಕಲ್ಲೂರಿನವರು. ಅದು ಮಳೆ ನಂಬಿದ ಊರು. ಜೋಳದ ಕಣಿಕೆಯ ಒಂದು ಎಸಳು ದಾರಿಯಲ್ಲಿ ಬಿದ್ದಿದ್ದರೂ ಎತ್ತಿಕೊಂಡು ಬಂದು ದನದ ಮುಂದೆ ಹಾಕುವ ಜನ. ಮೇವು ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಇಂಥ ಅತ್ತೆ ಬುಧವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ನಾನು ಆಫೀಸಿಗೆ ಹೋದೆ. ಮುಂದೇನಾಗಿರಬಹುದು, ನೀವೇ ಊಹಿಸಿ.

ಸಂಜೆ ಬಂದು ನೋಡಿದರೆ ಗಿಡಗಳ ಬುಡ ಬೋಳು!

“ಅತ್ತಿ, ಹುಲ್ಲು ಎಲ್ಲಿ ಹೋತ್ರಿ?”

“ಖಾಜಾಬಿ ಎಮ್ಮಿಗೆ ಹಾಕೀನಿ. ದನದ ಬಾಯಿಗೆ ಹೋಗೋದನ್ನ ಮಣ್ಣಿಗೆ ಹಾಸೀಯಲ್ಲ, ಮನಸರ ಹೆಂಗ ಬಂತವ್ವ ನಿನಗ? ಮುಕ್ಕುಂದದಾಗ ಸುಡ್ತೀರಿ, ಇಲ್ಲಿ ಬಂದು ಕೊಳಸ್ತೀರಿ!”

ತವರಿಗೂ ಸೇರಿಸಿ ಬಿತ್ತು. ಅದೇ ಗಿಡಗಳ ಹಣ್ಣು ಕಿತ್ತು ಮಧ್ಯಾಹ್ನ ಚಟ್ನಿ ಬೇರೆ ಅರೆದಿದ್ದರು. ಹಿಂದಿನ ಮನೆಯ ಖಾಜಾಬಿಗೆ ಹುಲ್ಲಿನ ಜೊತೆ ಒಂದು ಬಟ್ಟಲು ಚಟ್ನಿಯೂ ಹೋಗಿತ್ತು. ನನ್ನ ಮುಂದೆ ರೊಟ್ಟಿ, ಚಟ್ನಿ ಇಟ್ಟರು. ಸಿಟ್ಟಿನಲ್ಲೇ ತಿಂದೆ. ರುಚಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಕೈ ತೊಳೆಯಲು ಬಚ್ಚಲಿಗೆ ಹೋದಾಗ ನೆನಪಾಯಿತು. ಬಾಟಲಿ!

ಕಳೆದ ವಾರ ಎಲೆಗಳ ಕೆಳಗೆ ಬಿಳಿ ನೊಣ ಕಾಣಿಸಿದ್ದವು. ಲಿಂಗಸುಗೂರಿನಲ್ಲಿ ಮೇಷ್ಟ್ರಾಗಿರುವ ನನ್ನ ಯಜಮಾನರು ಅಲ್ಲಿಂದ ಒಂದು ವಿಷದ ಬಾಟಲಿ ತಂದಿದ್ದರು. “ಬೇವಿನ ಹಿಂಡಿ ಅಂತ ಕುಂತ್ರ ಒಂದು ಹಣ್ಣೂ ಸಿಗಂಗಿಲ್ಲ ನಿನಗ. ಒಂದ್ ಸಲ ಹೊಡದ್ರ ಸಾಕು” ಎಂದಿದ್ದರು. ಬೇಡವೇ ಬೇಡ ಎಂದು ಜಗಳವಾಡಿದ್ದೆ. ಅಂದಿನಿಂದ ಅದು ಬಚ್ಚಲ ಕಿಟಕಿಯ ಮೇಲೆ ಕುಳಿತಿತ್ತು. ಈಗ ಇರಲಿಲ್ಲ.

ನನಗೆ ಗೊತ್ತಾಗದಂತೆ ಹೊಡೆದೇ ಬಿಟ್ಟರಾ? ಹಾಗಾದರೆ ಹುಲ್ಲಿನ ಮೇಲೂ ಬಿದ್ದಿರುತ್ತದಲ್ಲ!

ಫೋನ್ ಮಾಡಿದೆ. ಸ್ವಿಚ್ ಆಫ್. (ಬಸ್ಸಿನಲ್ಲಿರುವಾಗಲೇ ಅವರ ಫೋನಿನ ಚಾರ್ಜ್ ಮುಗಿಯುವುದು. ವಾಡಿಕೆ.)

ಚಪ್ಪಲಿ ಇಲ್ಲದೆ ಓಡಿದೆ. ಏನಾಯಿತೆಂದು ಕೇಳುತ್ತಾ ಅತ್ತೆಯೂ ಬೆನ್ನಿಗೇ ಬಂದರು. ಖಾಜಾಬಿಯ ಎಮ್ಮೆ ಈದು ಇನ್ನೂ ತಿಂಗಳಾಗಿಲ್ಲ. ಗಂಡ ತೀರಿಕೊಂಡ ಮೇಲೆ ಆಕೆ ಆ ಹಾಲು ನಂಬಿಯೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಾಳೆ. ಹುಲ್ಲಿಗೆ ವಿಷ ಬಿದ್ದಿರಬಹುದು ಎಂದು ಹೇಗೋ ಹೇಳಿದೆ.

“ಯಾ ಅಲ್ಲಾ! ಪೂರಾ ತಿಂದೈತಲ್ಲಕ್ಕಾ!” ಎಂದಷ್ಟೇ ಹೇಳಿ ಆಕೆ ಎಮ್ಮೆಯ ಕೊರಳು ತಬ್ಬಿಕೊಂಡಳು. ಬೈದಿದ್ದರೆ ವಾಸಿಯಿತ್ತು.

ದನದ ಡಾಕ್ಟರಿಗೆ ಫೋನ್ ಹಚ್ಚಿದೆವು. “ಸಿಂಧನೂರಾಗ ಅದೀನ್ರಿ, ಈಗ ಹೊಂಟೆ. ಅಲ್ಲೀತನಕ ಜೊಲ್ಲು ಸುರಸ್ತೈತೇನು ನೋಡ್ರಿ” ಎಂದರು. ನೀವೇ ಹೇಳಿ, ಎಮ್ಮೆ ಯಾವಾಗ ಜೊಲ್ಲು ಸುರಿಸುವುದಿಲ್ಲ? ಒಂದೊಂದು ಎಳೆ ಇಳಿದಾಗಲೂ ಮೂವರೂ ಒಟ್ಟಿಗೆ “ಅಯ್ಯಯ್ಯೋ!” ಅತ್ತೆಯ ಜೋರೆಲ್ಲ ಇಳಿದುಹೋಗಿತ್ತು. ಕರುವಿನ ಮೈ ಸವರುತ್ತಾ, “ನನ್ನ ಕೈಯಾರೆ ಹಾಕೀನವ್ವ, ನನ್ನ ಕೈಯಾರೆ” ಎಂದು ಅದನ್ನೇ ಹೇಳುತ್ತಿದ್ದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅಷ್ಟರಲ್ಲಿ ಯಜಮಾನರು ಬಸ್ ಇಳಿದು ಆರಾಮವಾಗಿ ನಡೆದು ಬಂದರು.

“ಆ ಬಾಟ್ಲಿ ಗಿಡಕ್ಕ ಹೊಡದಿರೇನ್ರೀ?” ಅರ್ಧ ಓಣಿಗೆ ಕೇಳುವಂತೆ ಕೂಗಿದೆ.

ಪಾಪ, ಕಕ್ಕಾಬಿಕ್ಕಿಯಾದರು. “ಎಲ್ಲೀದು? ತಿರುಗಿ ಕೊಟ್ಟು ಬರ್ರಿ ಅಂತ ತಲಿ ತಿಂದಾಕಿ ನೀನ ಅಲ್ಲೇನು? ಅಂಗಡಿ ಮುಚ್ಚಿತ್ತು, ವಾಪಸ್ ತಂದೀನಿ” ಎಂದು ಬ್ಯಾಗಿನಿಂದ ಬಾಟಲಿ ತೆಗೆದರು. ಮುಚ್ಚಳದ ಸೀಲ್ ಹಾಗೇ ಇತ್ತು! (ಅದು ಊಟದ ಡಬ್ಬಿಯ ಪಕ್ಕದಲ್ಲೇ ಇತ್ತು. ಅದಕ್ಕೆ ಆಮೇಲೆ ಬೇರೆ ಜಗಳವಾಯಿತು.)

ಖಾಜಾಬಿ ತಾನೇ ಕೈಗೆ ತೆಗೆದುಕೊಂಡು ಸೀಲನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನಗುತ್ತಲೇ ಅತ್ತಳು. ನಾನೂ ಅತ್ತುಬಿಟ್ಟೆ. ಅತ್ತೆಯವರು ಅಲ್ಲೇ ಗೋದಲಿಯ ಕಟ್ಟೆಗೆ ಕುಸಿದು ಕುಳಿತು, “ಹುಚ್ಚರಂಗ ಮಾಡಿದ್ರಲ್ಲ ನನ್ನ” ಎಂದು ಮಗನಿಗೆ, ಸೊಸೆಗೆ, ಎಮ್ಮೆಗೆ ಒಟ್ಟಿಗೇ ಬೈದರು. ಆಹಾ, ಆ ಬೈಗುಳ ಎಷ್ಟು ಹಿತವಾಗಿತ್ತು ಗೊತ್ತಾ? ಡಾಕ್ಟರಿಗೆ ಬರಬೇಡಿ ಎಂದು ಹೇಳಿ, ಅದೇ ಎಮ್ಮೆಯ ಹಾಲಿನಲ್ಲಿ ಚಹಾ ಮಾಡಿಕೊಂಡು ಕುಡಿದೆವು. ಅಷ್ಟು ಒಳ್ಳೆಯ ಚಹಾ ನಾನು ಈಚೆಗೆ ಕುಡಿದಿಲ್ಲ.

ಮರುದಿನ ಅತ್ತೆಯೇ ಎಣ್ಣೆ ಗಿರಣಿಯಿಂದ ಒಂದು ಚೀಲ ಶೇಂಗಾ ಸಿಪ್ಪೆ ತರಿಸಿದರು. “ಇದನ್ನ ದನ ಮೂಸಂಗಿಲ್ಲ. ಎಷ್ಟರ ಹಾಸ್ಕೋ” ಎಂದು ತಾವೇ ಗಿಡಗಳ ಬುಡಕ್ಕೆ ಸುರಿದರು. ಮುಕ್ಕುಂದಕ್ಕೂ ಪಾಮನಕಲ್ಲೂರಿಗೂ ರಾಜಿಯಾಯಿತು.

ಆಗಲೇ ಖಾಜಾಬಿ ಚಟ್ನಿ ಬಟ್ಟಲು ಹಿಂದಿರುಗಿಸಲು ಬಂದಳು. ಬರಿಗೈಯಲ್ಲಿ ಕೊಡಬಾರದೆಂದು ಬಟ್ಟಲ ತುಂಬ ಗಟ್ಟಿ ಮೊಸರು. “ಟಮಾಟಿ ಚಟ್ನಿ ಭಾಳ ಚಲೋ ಆಗಿತ್ತಕ್ಕಾ, ಮಕ್ಳು ನೆಕ್ಕಿ ನೆಕ್ಕಿ ತಿಂದ್ವು” ಎಂದಳು.

ನಾನು ಬಟ್ಟಲು ಹಿಡಿದು ಹಾಗೇ ನಿಂತುಬಿಟ್ಟೆ. ಗಿಡದ ಬುಡದ ಹುಲ್ಲು ತಿಂದ ಎಮ್ಮೆಗಾಗಿ ಡಾಕ್ಟರನ್ನು ಕರೆದೆವು, ಅತ್ತೆವು, ದೇವರಿಗೆ ಬೇಡಿಕೊಂಡೆವು. ಅದೇ ಗಿಡದ ಹಣ್ಣು ಅರೆದು ತಿಂದಿದ್ದ ನಮಗೆ, ಒಬ್ಬರಿಗಾದರೂ, ನಮ್ಮ ಹೊಟ್ಟೆ ನೆನಪಾಯಿತೇ?