ಮಾವನವರಿಗೆ ಬೆನ್ನು ಮಾಡಿದ ಪಾಠ

ಗೆಳತಿಯರೇ, ನನ್ನ ಶಿಕ್ಷಕಿ ತರಬೇತಿಯ ಕೊನೆಯ ಪಾಠ ಇವತ್ತು ಅಂಕಲಗಿಯ ಶಾಲೆಯಲ್ಲಿ ಮುಗಿಯಿತು. ಪರೀಕ್ಷಕರೆದುರು ಕರಿಹಲಗೆಯ ಮೇಲೆ ಬರೆದು ಕಲಿಸದಿದ್ದರೆ ಸರ್ಟಿಫಿಕೇಟು ಸಿಗುವುದಿಲ್ಲ. ಅವರ ಪಕ್ಕದಲ್ಲೇ, ಊರಿನ ಹಿರಿಯರೆಂದು, ನಮ್ಮ ಮಾವನವರು ಕುಳಿತಿದ್ದರು. ಸೊಸೆಯಾದವಳು ಮಾವನಿಗೆ ಬೆನ್ನು ತೋರಿಸಬಾರದೆಂಬುದು ನಮ್ಮ ಮನೆಯ ರೀತಿ. ನಾನು ತಿರುಗಿ ನಿಂತು ಬರೆಯತೊಡಗಿದೆ.

“ಏನವಾ, ಹಿರ್ಯಾರಿಗೆ ಬೆನ್ನು ಮಾಡ್ತಿ?” ಎಂದು ಮಾವನವರು ಎಲ್ಲರೆದುರೇ ಗದರಿದರು.

“ಮಾರಿ ನಿಮ್ಮ ಕಡೆ ಮಾಡಿ ಹಲಗಿ ಮ್ಯಾಲೆ ಬರಿಯಾಕ ಆಗೂದಿಲ್ರಿ ಮಾವಾರ. ನನ್ನ ಬೆನ್ನು ನೋಡಬ್ಯಾಡ್ರಿ, ಅಕ್ಷರ ನೋಡ್ರಿ,” ಎಂದೆ. ಕೈ ನಿಲ್ಲಿಸಲಿಲ್ಲ.

ಪರೀಕ್ಷಕರು ಪಾಸು ಮಾಡಿದರು. ಮಾವನವರು ಈಗ ಪಡಸಾಲೆಯಲ್ಲಿ ನನಗೆ ಬೆನ್ನು ಮಾಡಿ, ಗೋಡೆ ನೋಡುತ್ತ ಕುಳಿತಿದ್ದಾರೆ. ಅವರ ಕೈಯಲ್ಲಿ ಸೀಮೆಸುಣ್ಣವಂತೂ ಕಾಣುತ್ತಿಲ್ಲ.