ದಂಡ ಹೊಡೆಸಿದ ಅಂಕಲ್

ಮೊನ್ನೆ ಅಡಿಲೇಡ್‌ನ ನಮ್ಮ ಬ್ಯಾರಕ್‌ನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮಂಡಿಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದಳು. ಕರ್ಪೂರದ ವಾಸನೆ ಮೂಗಿಗೆ ಬಡಿಯಿತು. ಇಡೀ ದಿನದ ಕವಾಯತಿನಿಂದ ಸೋತಿದ್ದ ನಾನು ಹಾಗೇ ಮಂಚದ ಮೇಲೆ ಕೂತುಬಿಟ್ಟೆ. ಬ್ರಿಸ್ಬೇನ್‌ನ ಇಂಡೂರೂಪಿಲ್ಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ಹತ್ತಿರ ಹೋದರೂ ಇದೇ ವಾಸನೆ. ಕರ್ಪೂರ ಹಾಕಿ ಕಾಯಿಸಿದ ಎಳ್ಳೆಣ್ಣೆ...

ಆಗಷ್ಟೇ ನನ್ನ ಓದು ಮುಗಿದಿತ್ತು. ಇಲ್ಲಿನ ಸೇನೆಗೆ ಅರ್ಜಿ ಹಾಕಿದೆ ಅಂದಾಗ ಅಮ್ಮ ಎರಡು ದಿನ ಮಾತು ಬಿಟ್ಟಳು. ನಮ್ಮ ಕನ್ನಡದವರು ಸೇರಿದಲ್ಲೆಲ್ಲ ನನ್ನದೇ ತಮಾಷೆ. ಸೇನೆಗೆ ಈಗ ಎಲ್ಲ ಬಣ್ಣದವರೂ ಬೇಕಂತೆ, ಪೋಸ್ಟರ್‌ಗೆ ಒಂದು ಕಂದು ಮುಖ ಸಿಕ್ಕಿತು ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ದೇಹದಾರ್ಢ್ಯದ ಪರೀಕ್ಷೆ ಗೆದ್ದೇ ಒಳಗೆ ಹೋಗಬೇಕು, ಆಮೇಲೆ ಯಾರೂ ತುಟಿ ಬಿಚ್ಚಬಾರದು ಎಂಬ ಹಟ ಹಿಡಿಯಿತು.

ನಗದೇ ಇದ್ದವರು ಅಂಕಲ್ ಒಬ್ಬರೇ. ಮೈಸೂರಿನ ಗರಡಿಯಲ್ಲಿ ಬೆಳೆದವರು. ಎಪ್ಪತ್ತು ದಾಟಿದ್ದರೂ ತೋಳು ಒನಕೆಯ ಹಾಗಿತ್ತು. ದಿನಾ ಬೆಳಿಗ್ಗೆ ಅವರ ಹಿತ್ತಲಿನಲ್ಲಿ ನನಗೆ ದಂಡ, ಬಸ್ಕಿ ಹೊಡೆಸಿದರು. ಸೊಂಟ ಮೇಲೆತ್ತಿ, ಎದೆಯನ್ನು ನೆಲಕ್ಕೆ ಸವರಿಕೊಂಡು ಮುಂದೆ ತಂದು ಏಳುವ ಗರಡಿಯ ದಂಡ. ಪರೀಕ್ಷೆಯ ಪುಶ್‌ಅಪ್‌ನಲ್ಲಿ ಮೈ ಹಲಗೆಯ ಹಾಗೆ ನೇರ ಇರಬೇಕು ಎಂದು ಸೂಚನೆಯಲ್ಲಿ ಬರೆದಿದ್ದರು. ದಂಡ ಬಂದವಳಿಗೆ ಅದೇನು ಮಹಾ ಎಂದು ನಾವಿಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ಗಾಬರಿಯಲ್ಲಿ ಮೈ ತನಗೆ ಗೊತ್ತಿದ್ದನ್ನೇ ಮಾಡಿತು. ಸೊಂಟ ಮೇಲೆದ್ದಿತು, ಎದೆ ನೆಲ ಸವರಿತು. ಎಣಿಸುತ್ತಿದ್ದ ಸಾರ್ಜೆಂಟ್ ಎರಡು ಸಲ ಎಚ್ಚರಿಸಿ, ಆಮೇಲೆ ನಿಲ್ಲಿಸಿದಳು. ಅವಳದೇನೂ ತಪ್ಪಿಲ್ಲ.

ಮನೆಗೆ ಬಂದರೆ ಅಂಕಲ್ ಗೇಟಿನ ಹತ್ತಿರವೇ ಕಾಯುತ್ತಿದ್ದರು.

"ನಿಮ್ಮ ಗರಡಿಯಿಂದಾನೇ ಫೇಲ್ ಆದೆ ಅಂಕಲ್. ಇನ್ಮೇಲೆ ನಂಗೇನೂ ಹೇಳ್ಕೊಡ್ಬೇಡಿ," ಅಂದುಬಿಟ್ಟೆ.

"ಆಯ್ತು ಪುಟ್ಟಿ," ಅಂದರು. ಅಷ್ಟೇ...

ಫೋರ್ಟಿಟ್ಯೂಡ್ ವ್ಯಾಲಿಯ ಜಿಮ್ ಸೇರಿದೆ. ಎರಡನೇ ಸಲ ಪಾಸಾದೆ. ಊರು ಬಿಡುವಾಗಲೂ ಅವರಿಗೆ ಹೇಳಿಹೋಗಲಿಲ್ಲ. ನಾಚಿಕೆಯೋ, ಕೊಬ್ಬೋ... ಎರಡೂ ಇದ್ದಿರಬೇಕು.

ಅವರು ತೀರಿಕೊಂಡಾಗ ನಾನು ಪರ್ತ್‌ನಲ್ಲಿದ್ದೆ. ರಜೆ ಸಿಕ್ಕಿದ ಮೇಲೆ ಆಂಟಿಯನ್ನು ನೋಡಲು ಹೋದೆ. ನಾನು ಮಾತು ಬಿಟ್ಟ ಮಾರನೆಯ ದಿನದಿಂದಲೇ ಅಂಕಲ್ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಆ ನೇರ ಪುಶ್‌ಅಪ್ ಕಲಿಯುತ್ತಿದ್ದರಂತೆ. ಮಣಿಕಟ್ಟು ಊದಿಕೊಂಡರೂ ಬಿಡಲಿಲ್ಲವಂತೆ.

"ಕೋಪ ಇಳಿದ್ಮೇಲೆ ಬಂದೇ ಬರ್ತಾಳೆ, ಅಷ್ಟ್ರಲ್ಲಿ ನಾನು ಕಲ್ತಿರ್ಬೇಕು ಅಂತಿದ್ರಮ್ಮ," ಅಂದರು ಆಂಟಿ.

ಈಗ ಹೊಸಬರ ಪುಶ್‌ಅಪ್ ಎಣಿಸಿ, ಯುದ್ಧಕ್ಕೆ ತಯಾರಿದ್ದಾರೆಯೇ ಎಂದು ನೋಡುವ ಕೆಲಸ ನನ್ನದೇ. ಸಾಕಾಗಿಹೋಗಿದೆ, ನಿಜ ಹೇಳಬೇಕೆಂದರೆ. ಎಷ್ಟು ಊರಿನವರು, ಎಷ್ಟು ಮೈಬಣ್ಣದವರು ನನ್ನ ಮುಂದೆ ನೆಲಕ್ಕೆ ಕೈಯೂರಿದ್ದಾರೋ ಲೆಕ್ಕವಿಲ್ಲ. ಅಂಕಲ್ ನನಗಾಗಿ ಹೊಡೆದ ಪುಶ್‌ಅಪ್‌ಗಳಲ್ಲಿ ಒಂದನ್ನೂ ನಾನು ಎಣಿಸಲಿಲ್ಲ.